ಸೀಸೆಯಲ್ಲಿ ಮೂರು ತುಂಡು

ಹೊಲಿಗೆಯವಳಿಗೆ ಹೇಸಿಗೆಯೆಂದರೆ ಪ್ರಾಣಸಂಕಟ. ಬಸ್ಸಿನ ಕಂಬಿ ಮುಟ್ಟಿದರೂ ಮನೆಗೆ ಬಂದು ಎರಡು ಸಲ ಕೈ ತೊಳೆಯುತ್ತಿದ್ದಳು. ಅವಳಿಗೆ ಸಿಕ್ಕ ಗಂಡನೋ, ಕಟ್ಟಿನಿಂತ ಚರಂಡಿ ಬಿಡಿಸುವ ಕೆಲಸಗಾರ! ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ಅವನು ಸ್ನಾನ ಮಾಡದೆ ಏನನ್ನೂ ಮುಟ್ಟುವಂತಿರಲಿಲ್ಲ.

ಇಂಥವಳು ಮಲದಲ್ಲಿ ರಕ್ತ ಕಂಡರೆ ಯಾರಿಗೆ ಹೇಳಿಯಾಳು? ಐದು ತಿಂಗಳು ತುಟಿ ಬಿಚ್ಚಲಿಲ್ಲ. ಕೊನೆಗೊಂದು ದಿನ ಸುಸ್ತಾಗಿ ಮಿಷನ್ನಿನ ಮೇಲೆ ಕುಸಿದಾಗ ಗಂಡ ಆಸ್ಪತ್ರೆಗೆ ಕರೆದೊಯ್ದ. ಅಲ್ಲಿ ಕೆದಕಿ ಕೇಳಿದ ಮೇಲೆ ರಕ್ತದ ಮಾತು ಹೊರಬಂತು.

"ಕ್ಯಾಮೆರಾ ಇರೋ ಕೊಳವೆ ಹಾಕಿ ಕರುಳು ನೋಡೋಣ. ಗಡ್ಡೆಗಿಡ್ಡೆ ಇದ್ರೆ ಹೊಟ್ಟೆ ಕುಯ್ಯದೆ ಅಲ್ಲೇ ತೆಗೀಬಹುದು," ಎಂದರು ಡಾಕ್ಟರಮ್ಮ. "ಆದ್ರೆ ಹೊಟ್ಟೆ ಪೂರ್ತಿ ಖಾಲಿ ಆಗ್ಬೇಕು."

ಅದಕ್ಕೆ ಮೂರು ಲೀಟರ್ ಔಷಧದ ನೀರು. ಉಪ್ಪುಪ್ಪು, ಲೋಳೆಲೋಳೆ. ಪರೀಕ್ಷೆಯ ದಿನ ಬೆಳಿಗ್ಗೆ ನಾಲ್ಕನೆಯ ಸಲ ಕಕ್ಕಸಿಗೆ ಓಡಿದವಳು ಬಾಗಿಲು ಮುಟ್ಟಲಿಲ್ಲ. ನಡುಮನೆಯಲ್ಲೇ ಆಗಿಹೋಯಿತು. ಗಂಡ ಬಟ್ಟೆ ತಂದು ಒರೆಸತೊಡಗಿದ.

"ಥೂ, ಮುಟ್ಟಬೇಡ್ರೀ! ಆಚೆ ಹೋಗ್ರೀ!"

"ಊರೋರದ್ದೆಲ್ಲಾ ತೆಗೀತೀನಿ, ಹೆಂಡ್ತೀದು ಬೇಡ್ವಾ? ಪಕ್ಕಕ್ಕೆ ಸರಿ."

ಅವಳು ಗೋಡೆಗೆ ಮುಖ ಮಾಡಿ ಅತ್ತಳು. ತನ್ನ ಮೈಯೇ ಕೊಳೆಬಟ್ಟೆಯಂತೆ ಅನಿಸುತ್ತಿತ್ತು. ಕಳಚಿ ಎಸೆಯೋಣವೆಂದರೆ ಆಗುವಂತಿರಲಿಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಮಂಪರಿನ ಇಂಜೆಕ್ಷನ್ ಕೊಟ್ಟರೂ ಅವಳ ಕಣ್ಣು ಪೂರ್ತಿ ಮುಚ್ಚಲಿಲ್ಲ. ಪರದೆಯ ಮೇಲೆ ಒದ್ದೊದ್ದೆ ಸುರಂಗ, ಅಲ್ಲಲ್ಲಿ ಹಳದಿ ಲೋಳೆ. ಮಡಿಕೆಯೊಂದರ ಹಿಂದೆ ನೆನೆದ ಬ್ರೆಡ್ಡಿನಂಥದ್ದೇನೋ ಗೋಡೆಗೆ ಚಪ್ಪಟೆಯಾಗಿ ಅಂಟಿತ್ತು. ಡಾಕ್ಟರಮ್ಮ ಅದರ ಬುಡಕ್ಕೆ ನೀಲಿ ನೀರು ಚುಚ್ಚಿದರು. ಅದು ಬೊಬ್ಬೆಯಂತೆ ಮೇಲೆದ್ದಿತು. ತಂತಿಯ ಕುಣಿಕೆ ಬಿಗಿಯಿತು, ತುಸು ಹೊಗೆಯಾಡಿತು, ಒಂದು ತುಂಡು ಕಳಚಿಬಿತ್ತು. ಹಾಗೆ ಮೂರು ಸಲ. ನೋವೇನೂ ಇರಲಿಲ್ಲ, ಆದರೆ ಅವಳು ನಾತ ಬಡಿದವಳಂತೆ ಉಸಿರು ಹಿಡಿದಿದ್ದಳು.

"ಆಯ್ತು ಅಕ್ಕಾ, ಉಸಿರು ಬಿಡಿ," ಎಂದಳು ನರ್ಸ್.

ಮಂಪರು ಪೂರ್ತಿ ಇಳಿದಾಗ ಗಂಡ, ಪರೀಕ್ಷೆಗೆ ಕಳಿಸಲು ಸೀಸೆಯಲ್ಲಿಟ್ಟಿದ್ದ ತುಂಡುಗಳನ್ನು ನೋಡುತ್ತಿದ್ದ. ಎಂಥ ಕೊಚ್ಚೆಗೂ ಮುಖ ಸಿಂಡರಿಸದವನು ಈಗ ಸಿಂಡರಿಸಿದ್ದ.

"ನಿಮಗೂ ಹೇಸಿಗೆ ಆಯ್ತಾ?"

"ಇದನ್ನ ನೋಡಿ ಅಲ್ಲ ಕಣೇ. ಐದು ತಿಂಗಳು ನಂಗೆ ಒಂದು ಮಾತು ಹೇಳದೆ ಇದ್ಯಲ್ಲ, ಅದಕ್ಕೆ."



ಹತ್ತು ದಿನಕ್ಕೆ ರಿಪೋರ್ಟ್ ಬಂತು. ಗಡ್ಡೆ ಕ್ಯಾನ್ಸರಿಗೆ ತಿರುಗಲು ಶುರುವಾಗಿತ್ತಂತೆ, ಆದರೆ ಬೇರೂರುವ ಮೊದಲೇ ಪೂರ್ತಿ ಹೊರಬಂದಿತ್ತು. ಆರು ತಿಂಗಳಿಗೆ ಮತ್ತೆ ತೋರಿಸಬೇಕು, ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು ಡಾಕ್ಟರಮ್ಮ.

ಅವಳು ಅಕ್ಕನಿಗೆ ಫೋನ್ ಮಾಡಿದಳು.

"ಥೂ, ಊಟದ ಹೊತ್ತಲ್ಲಿ ಇದೇನೇ ನಿನ್ನ ಪುರಾಣ!"

ಅವಳು ಉಗುಳು ನುಂಗಿಕೊಂಡು ಎಲ್ಲವನ್ನೂ ಹೇಳಿದಳು: ರಕ್ತದ ಬಣ್ಣ, ಆ ನೀರು, ನಡುಮನೆಯ ನೆಲ. ಅತ್ತ ತಟ್ಟೆ ಸರಿಸಿದ ಸದ್ದಾಯಿತು.

"ನಂಗೂ... ಒಂದೆರಡು ಸಲ ಕಂಡಿತ್ತು ಕಣೇ," ಎಂದಳು ಅಕ್ಕ, ಪಿಸುದನಿಯಲ್ಲಿ.

ಮುಂದಿನ ವಾರ ಅಕ್ಕನ ಕರುಳಿನಲ್ಲಿ ಸಣ್ಣ ಗಂಟುಗಳೆರಡು ಸಿಕ್ಕವು, ಅಲ್ಲೇ ತೆಗೆದರು. ಅಕ್ಕ ಔಷಧದ ನೀರು ಕುಡಿದ ಆ ಬೆಳಿಗ್ಗೆಯೆಲ್ಲ ತಂಗಿ ಅವಳ ಕಕ್ಕಸಿನ ಬಾಗಿಲಲ್ಲಿ, ಸೆರಗಿನಿಂದ ಮೂಗು ಒತ್ತಿಕೊಂಡು, ನಿಂತೇ ಇದ್ದಳು.