ಹೋದವರ ವಿಳಾಸ

ಮತದಾರರ ಪಟ್ಟಿ ಸರಿಪಡಿಸಲು ಮನೆಮನೆ ಸುತ್ತುತ್ತಿದ್ದ ಟೀಚರಮ್ಮನಿಗೆ ಅಂದು ನಾಯಿಕಾಟವಿರಲಿಲ್ಲ, ಬಿಸಿಲೂ ಮೆತ್ತಗಿತ್ತು. ಹುರುಪಿನಲ್ಲೇ ಮೂಲೆಮನೆಯ ಕರೆಗಂಟೆ ಒತ್ತಿದಳು. ಬಾಗಿಲು ತೆರೆದವನು ಬಸ್ ಕಂಡಕ್ಟರು. ಅರ್ಧ ಮುಖಕ್ಕೆ ಶೇವಿಂಗ್ ನೊರೆ.

"ಇಲ್ಲಿ ಮೂರು ಓಟು. ನೀವು, ನಿಮ್ಮ ಮನೆಯವರು, ನಿಮ್ಮ ತಂದೆ. ಎಲ್ರೂ ಇಲ್ಲೇ ಇದ್ದೀರಲ್ವಾ?"

"ಅಪ್ಪ ಹೋಗ್ಬಿಟ್ರು," ಎಂದ, ಸಪ್ಪಗೆ.

ಟೀಚರಮ್ಮ ಪಟ್ಟಿಯಿಂದ ತಲೆಯೆತ್ತಿದಳು. "ಅಯ್ಯೋ ಪಾಪ! ಏನಾಗಿತ್ತು?"

"ಸಿಟ್ಟು ನೆತ್ತಿಗೇರಿತ್ತು ಮೇಡಂ. ಮೊದಲಿಂದಲೂ ಅಷ್ಟೇ."

ಬಿಪಿ ಇರಬೇಕು ಅಂದುಕೊಂಡು ಅವಳು ದನಿ ತಗ್ಗಿಸಿದಳು. "ಧೈರ್ಯ ತಂದ್ಕೊಳ್ಳಿ. ಮರಣ ಪ್ರಮಾಣಪತ್ರದ ಜೆರಾಕ್ಸ್ ಒಂದು ಕೊಟ್ರೆ ಹೆಸರು ತೆಗೀತೀವಿ."

ಒಳಗಿನಿಂದ ಕಿಸಕ್ಕನೆ ನಗು. ಕೈ ಒರೆಸಿಕೊಳ್ಳುತ್ತ ಸೊಸೆ ಹೊರಬಂದಳು. "ಬಿಡ್ತು ಅನ್ನಿ ಮೇಡಂ! ಮಾವ ಗುಂಡುಕಲ್ಲಿನ ಹಾಗಿದ್ದಾರೆ. ಮುನಿಸ್ಕೊಂಡು ಹಿಂದಿನ ಬೀದೀಲಿ ಅವರ ತಮ್ಮನ ಮನೇಲಿ ಕೂತಿದ್ದಾರೆ."

ಆದದ್ದಿಷ್ಟು. ಮುದುಕ ಬಡಗಿ. ಮಗ ತಂದ ಹೊಸ ಊಟದ ಮೇಜು ಕುಂಟುತ್ತದೆಂದು ಒಂದು ಕಾಲು ಕೊಯ್ದ. ಅದಕ್ಕೆ ಸಮ ಮಾಡಲು ಇನ್ನೊಂದು. ಕೊಯ್ದು ಕೊಯ್ದು ಮೇಜು ಮಣೆಯಾಯಿತು. "ಇನ್ಮೇಲೆ ಏನನ್ನೂ ಮುಟ್ಟಬೇಡಿ" ಅಂದ ಮಗ. ಅಪ್ಪ ಉಳಿ, ಗರಗಸದ ಚೀಲ ಹೆಗಲಿಗೇರಿಸಿ ನಡೆದೇಬಿಟ್ಟ.

ಹಿಂದಿನ ಬೀದಿಯೂ ಟೀಚರಮ್ಮನ ಪಾಲಿಗೇ ಬಂದಿತ್ತು. ಹೋಗಿ ನೋಡಿದರೆ ಮುದುಕ ಜಗಲಿಯಲ್ಲಿ ಕೂತು ಕಿಟಕಿಯ ಬಾಗಿಲು ಉಜ್ಜುತ್ತಿದ್ದ; ಟೀ ಲೋಟ ಹಿಡಿದು ತಮ್ಮ ಕಾವಲು ನಿಂತಿದ್ದ.

"ನನ್ನ ಹೆಸರು ಈ ಮನೆಗೇ ಬರ್ಕೊಳ್ಳಿ," ಎಂದ ಮುದುಕ.

"ಆಗಲಿ ಯಜಮಾನ್ರೇ. ಕಾಯಂ ಆಗಿ ಇಲ್ಲೇ ಇರ್ತೀರಿ ತಾನೇ?"

ಕಾಯಂ ಎಂಬ ಮಾತಿಗೆ ತಮ್ಮನ ಲೋಟ ತುಳುಕಿತು. "ಇರು ಅಣ್ಣ, ನಾನೇನು ಬೇಡ ಅಂತೀನಾ? ನನ್ನ ಮಂಚದ ತಂಟೆಗೆ ಮಾತ್ರ ಹೋಗ್ಬೇಡ."

"ನೀನೂ ಅವನ ಪಕ್ಷಾನೇ?" ಮುದುಕ ಗುರ್ ಎಂದ. ಆಮೇಲೆ ಟೀಚರಮ್ಮನ ಕಡೆ ತಿರುಗಿ, ಮೆಲ್ಲಗೆ, "ಆ ಮನೆಗೂ ಹೋಗಿರ್ಬೇಕಲ್ಲ, ಅವನು ಏನಂದ?"

"ಅಪ್ಪ ಹೋಗ್ಬಿಟ್ರು ಅಂದ್ರು. ನಾನು ತೀರ್ಕೊಂಡ್ರು ಅಂತಲೇ ತಿಳಿದೆ. ಮುಖ ಅಷ್ಟು ಸಣ್ಣಗಾಗಿತ್ತು."

ಮುದುಕ ಉಜ್ಜುಕಾಗದ ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. "ಪೆದ್ದ. ಹೊಟ್ಟೆಗೆ ಸರಿಯಾಗಿ ತಿಂತಿದ್ದಾನಂತಾ?"

"ಅದನ್ನ ಕೇಳೋಕೆ ನಮಗೆ ಆರ್ಡರ್ ಇಲ್ಲ."

"ಹಾಗಾದ್ರೆ ನಾನೇ ಕೇಳ್ಕೋತೀನಿ. ಹೆಸರು ಅಲ್ಲೇ ಇರಲಿ ಬಿಡಿ."

ತಮ್ಮ ಒಳಗೋಡಿ ಚೀಲ ತಂದು ತಾನೇ ಅಣ್ಣನ ಹೆಗಲಿಗೇರಿಸಿದ. ಟೀಚರಮ್ಮ ಪಕ್ಕದ ಮನೆಯ ಗೇಟು ತೆರೆಯುವಷ್ಟರಲ್ಲಿ ಮುದುಕ ಬೀದಿಯ ತಿರುವು ದಾಟಿಯಾಗಿತ್ತು.