ಎರಡನೇ ಬಾಟಲಿ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯೇ ಗಂಟುಮೂಟೆ ಕಟ್ಟಿ ಹೊರಟಿದ್ದರು. ಬೆಳಿಗ್ಗೆ ಆರೂವರೆಗೆ ಅಲಾರಂ ಬಡಿದುಕೊಂಡಿತು. ಅದು ಅವನ ಅಲಾರಂ, ಮೀನಿಗೆ ಮೇವು ಹಾಕಲು ಇಟ್ಟುಕೊಂಡದ್ದು. ಐದು ದಿನ ಯಾರೋ ಒಬ್ಬರು ಅದರ ಬಾಯಿ ಮುಚ್ಚಿಸುತ್ತಿದ್ದರು. ಇವತ್ತು ಮನೆಯಲ್ಲಿ ಅವಳದು ಬಿಟ್ಟರೆ ಬೇರೆ ಕೈ ಇರಲಿಲ್ಲ. ಎದ್ದು ಆರಿಸಿದಳು. ಚಹಾ ಮಾಡಿದಳು. ಅಭ್ಯಾಸಬಲದಿಂದ ತೆಗೆದ ಎರಡು ಲೋಟಗಳಲ್ಲಿ ಒಂದನ್ನು ವಾಪಸ್ ಇಟ್ಟಳು. ಅಳು ಬರಲಿಲ್ಲ. ಅಳು ಬಾರದ್ದನ್ನು ನಾದಿನಿ ಎರಡು ದಿನ ಗಮನಿಸಿ, ಮೂರನೇ ದಿನ ಎಲ್ಲರಿಗೂ ಕೇಳುವ ಹಾಗೆ ಹೇಳಿಯೂ ಆಗಿತ್ತು.

ಹಜಾರದ ಉದ್ದಗೋಡೆಗೆ ಒತ್ತಿಕೊಂಡು ಮುನ್ನೂರು ಲೀಟರಿನ ಉಪ್ಪುನೀರಿನ ತೊಟ್ಟಿ. ಒಳಗೆ ಕಿತ್ತಳೆ ಬಣ್ಣದ ಜೋಡಿ ಮೀನು, ಒಂದು ನೀಲಿ ಮೀನು, ಮತ್ತೆ ಹೂವಿನಂತೆ ಅರಳಬೇಕಾದ, ಆದರೆ ತಿಂಗಳುಗಟ್ಟಲೆಯಿಂದ ಮುದುಡಿ ಕೂತ ಒಂದು ಹವಳ. ತೊಟ್ಟಿಯ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಅವನ ಮಹಾಸಾಧನೆ, ಅವನೇ ಕಟ್ಟಿದ ಫಿಲ್ಟರ್: ತೊಡೆಗಾತ್ರದ ಬೂದು ಪೈಪು, ಅದರೊಳಗೆ ಐವತ್ತು ಮೀಟರ್ ಸಪೂರ ನಳಿಕೆಯನ್ನು ಸುತ್ತಿ ಸುತ್ತಿ ತುರುಕಿದ್ದು. ತೊಟ್ಟಿಯ ನೀರು ಆ ನಳಿಕೆಯುದ್ದಕ್ಕೂ ತೆವಳಿಕೊಂಡು ಬಂದು, ತುದಿಯ ಪುಟ್ಟ ನಲ್ಲಿಯಿಂದ ಮತ್ತೆ ತೊಟ್ಟಿಗೆ ಬೀಳುತ್ತದೆ. ಮೀನಿನ ಹೊಲಸಿನಿಂದ ನೀರಿನಲ್ಲಿ ಸೇರುವ ನೈಟ್ರೇಟನ್ನು ಒಳಗಿನ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಮುಗಿಸಬೇಕು.

ಅವನು ಕುರ್ಚಿ ಮೇಜು ಮಾರುವ ಅಂಗಡಿಯ ಮೇಲ್ವಿಚಾರಕ. ಅವಳು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಊರಿಡೀ ಕುಡಿಯುವ ನೀರನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದವಳು. ಆದರೂ ಈ ಪೈಪನ್ನು ಜೋಡಿಸಿದ ಎರಡು ತಿಂಗಳಲ್ಲಿ ಅವನು ಅವಳನ್ನು ಒಂದು ಮಾತು ಕೇಳಿದವನಲ್ಲ. ಒಮ್ಮೆ ಮಾತ್ರ, ಅತಿಥಿಗಳ ಎದುರು, "ನೈಟ್ರೇಟ್ ಅಂದ್ರೆ ಏನು ಗೊತ್ತಾ ನಿಂಗೆ?" ಎಂದಿದ್ದ. "ಗೊತ್ತು" ಎಂದಿದ್ದಳು. ಆಮೇಲೆ ಕಾಲುಗಂಟೆ ವಿವರಿಸಿದ. ಅವಳು ಚಹಾದ ತಟ್ಟೆ ಹಿಡಿದು ನಿಂತು ಕೇಳಿದಳು. ಅದರಲ್ಲಿ ತಪ್ಪು ಮೂರು ಇದ್ದವು.

ಎಂಟು ಗಂಟೆಗೆ ಮೈದುನ ಬಂದ. ಅವನಿಗೆ ದುಃಖವಿತ್ತು, ಸುಳ್ಳಲ್ಲ. ಆದರೆ ದುಃಖಕ್ಕಿಂತ ಒಂದು ಹೆಜ್ಜೆ ಮುಂದೆ ಅವನ ಏರ್ಪಾಡುಗಳು ನಡೆಯುತ್ತಿದ್ದವು.

"ಅತ್ತಿಗೆ, ಭಾನುವಾರ ಅಕ್ವೇರಿಯಂ ಅಂಗಡಿಯವರು, ಅಣ್ಣನ ಹಾಗೇ ಮೀನು ಸಾಕೋ ಹಲ್ಲಿನ ಡಾಕ್ಟರು ಬರ್ತಾರೆ. ಫಿಲ್ಟರ್ ತಗೊಂಡು ಹೋಗಿ ಅಂಗಡೀಲಿ ಇಡ್ತಾರಂತೆ. ಮೇಲೆ ಬೋರ್ಡ್ ಹಾಕ್ತಾರಂತೆ."

"ಏನಂತ?"

"'ಸೊನ್ನೆ ನೈಟ್ರೇಟ್, ನಮ್ಮ ವಿಜ್ಞಾನಿ ಮಾಡಿದ್ದು' ಅಂತ. ಅವರೆಲ್ಲ ಅಣ್ಣನ್ನ ವಿಜ್ಞಾನಿ ಅಂತಾನೇ ಕರೀತಿದ್ರಲ್ಲ. ಡಾಕ್ಟರು ಇದೇ ಥರದ್ದು ಒಂದು ಮಾಡ್ಕೊಂಡಿದಾರೆ. ಇನ್ನಿಬ್ರು ಮಾಡ್ತಿದಾರೆ." ಅವನು ತೊಟ್ಟಿಯ ಕಡೆ ತಿರುಗಿದ. "ನಿಮಗೂ ಗೊತ್ತಲ್ಲ ಅತ್ತಿಗೆ, ಅಣ್ಣ ಕೈ ಹಾಕಿದ್ದೆಲ್ಲ ಅರ್ಧಕ್ಕೇ ನಿಂತಿತ್ತು. ಇದೊಂದನ್ನ ನೆಟ್ಟಗೆ ಮಾಡಿದ."

ಅದು ನಿಜ. ಅರ್ಧ ಬಣ್ಣ ಬಳಿದ ಬಾಲ್ಕನಿ, ಅರ್ಧ ಕಲಿತ ಗಿಟಾರು, ಎರಡು ಕಾಲಿನ ಪುಸ್ತಕದ ಕಪಾಟು, ಎಲ್ಲವೂ ಮನೆಯಲ್ಲೇ ಇದ್ದವು, ಸಾಕ್ಷಿ ಹೇಳಲು. ಮೂವತ್ತಾರು ವರ್ಷಕ್ಕೆ ಬಸ್ ನಿಲ್ದಾಣದ ಮೆಟ್ಟಿಲ ಮೇಲೆ ಕುಸಿದವನಿಗೆ ಉಳಿದ ಹೆಸರೆಂದರೆ ಆ ಸೊನ್ನೆ. ಅದು ಹೋದರೆ ಮತ್ತೇನೂ ಇಲ್ಲ.

"ತಗೊಂಡು ಹೋಗ್ಲಿ" ಎಂದಳು.

ಮೈದುನ ಹೋದ ಮೇಲೆ ಮೀನಿಗೆ ಮೇವು ಹಾಕುವಾಗ ಅವಳ ಕಣ್ಣು ಗಾಜಿನ ಮೇಲೆ ನಿಂತಿತು. ಗಾಜಿಗೆ ಬೆರಳು ದಪ್ಪದ ಹಸಿರು ಪಾಚಿ. ನೈಟ್ರೇಟು ಸೊನ್ನೆಯಾದ ನೀರಿನಲ್ಲಿ ಪಾಚಿ ಹೀಗೆ ಕೊಬ್ಬುವುದಿಲ್ಲ. ಇಷ್ಟು ದಿನ ಅವಳು ಇದನ್ನು ನೋಡಿರಲಿಲ್ಲವೆಂದಲ್ಲ. ಕೇಳದವನಿಗೆ ನಾನೇಕೆ ಹೇಳಲಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು. ಅದೂ ಒಂದು ಬಗೆಯ ಜಂಬವೇ.

ಡ್ರಾಯರಿನಲ್ಲಿ ನೈಟ್ರೇಟ್ ಪರೀಕ್ಷೆಯ ಪೆಟ್ಟಿಗೆ ಸಿಕ್ಕಿತು. ಮುಚ್ಚಳದ ಮೇಲೆ ಮಾರ್ಕರಿನಲ್ಲಿ ಬರೆದಿತ್ತು: 'ಅಂಗಡಿಯದು. ಎರವಲು. ವಾಪಸ್ ಕೊಡಿ.' ಒಳಗೆ ಒಂದು ಗಾಜಿನ ಕೊಳವೆ, ಒಂದನೇ ಬಾಟಲಿ, ಎರಡನೇ ಬಾಟಲಿ, ಬಣ್ಣದ ಪಟ್ಟಿ, ಒಂದು ಸೂಚನಾ ಕಾಗದ. ಕಾಗದ ಕಾರ್ಖಾನೆಯಲ್ಲಿ ಮಡಿಚಿದ ಹಾಗೇ ಇತ್ತು. ಅಂಗಡಿಯವನೂ ಬಿಡಿಸಿರಲಿಲ್ಲ, ಎರವಲು ತಂದವನೂ ಬಿಡಿಸಿರಲಿಲ್ಲ. ಗಂಡಸರ ಒಂದು ಇಡೀ ಸಂಘ ವರ್ಷವಿಡೀ ಈ ಪೆಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸಿತ್ತು, ಒಬ್ಬನಿಗೂ ಓದುವ ದರ್ದು ಬಿದ್ದಿರಲಿಲ್ಲ.

ಅವಳು ಬಿಡಿಸಿ ಓದಿದಳು. ನಾಲ್ಕನೇ ಸಾಲು ದಪ್ಪ ಅಕ್ಷರದಲ್ಲಿತ್ತು: ಎರಡನೇ ಬಾಟಲಿಯನ್ನು ಹನಿ ಹಾಕುವ ಮೊದಲು ಮೂವತ್ತು ಸೆಕೆಂಡು ಜೋರಾಗಿ ಅಲುಗಾಡಿಸಿ. ಇಲ್ಲದಿದ್ದರೆ ಫಲಿತಾಂಶ ಸುಳ್ಳಾಗಿ ಕಡಿಮೆ ತೋರುತ್ತದೆ.

ಬಾಟಲಿಯನ್ನು ಬೆಳಕಿಗೆ ಹಿಡಿದಳು. ತಳದಲ್ಲಿ ಔಷಧಿ ಸಿಮೆಂಟಿನ ಹಾಗೆ ಗಟ್ಟಿ ಕೂತಿತ್ತು. ಮೇಜಿನ ಅಂಚಿಗೆ ಕುಟ್ಟಿ ಕುಟ್ಟಿ ಸಡಿಲಿಸಿ, ಗಡಿಯಾರ ನೋಡುತ್ತ ಅಲುಗಾಡಿಸಿದಳು. ತೊಟ್ಟಿಯ ನೀರು ಐದು ಮಿಲಿಲೀಟರ್. ಮೊದಲ ಬಾಟಲಿಯಿಂದ ಹತ್ತು ಹನಿ, ಎರಡನೆಯದರಿಂದ ಹತ್ತು ಹನಿ. ಐದು ನಿಮಿಷದಲ್ಲಿ ಕೊಳವೆ ರಕ್ತಗೆಂಪಾಯಿತು. ಪಟ್ಟಿಯಲ್ಲಿ ಅದು ಎಂಬತ್ತರ ಬಣ್ಣ; ಹವಳವಿರುವ ನೀರಿನಲ್ಲಿ ಹತ್ತು ದಾಟಬಾರದು.

ಗೋಡೆಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಚೌಕದಲ್ಲಿ ಅವನ ನೀಲಿ ಅಕ್ಷರ. ಸೊನ್ನೆ. ಸೊನ್ನೆ. ಸೊನ್ನೆ, ಮುಂದೊಂದು ಆಶ್ಚರ್ಯಸೂಚಕ.

ಅವಳಿಗೆ ನಗು ಬಂತು. ಐದು ದಿನದಲ್ಲಿ ಅವಳ ಗಂಟಲಿನಿಂದ ಹೊರಟ ಮೊದಲ ದೊಡ್ಡ ಸದ್ದು ಅದು. ನಾದಿನಿ ಇದ್ದಿದ್ದರೆ ಅದನ್ನೂ ಗಮನಿಸುತ್ತಿದ್ದಳು.

ಫಿಲ್ಟರ್ ಒಯ್ದರೆ ಸುಳ್ಳೂ ಜೊತೆಗೆ ಹೋಗುತ್ತದೆ. ಬೋರ್ಡಿನ ಮೇಲೆ ಕೂರುತ್ತದೆ. ಅದನ್ನು ನಂಬಿ ನೀರು ಬದಲಿಸದೆ ಬಿಟ್ಟವರ ಮೀನು ಸಾಯುತ್ತದೆ, ಮತ್ತೆ ಯಾರೋ ಒಬ್ಬರು ಕಾಗದ ಓದುತ್ತಾರೆ, ಸತ್ತವನು ನಗೆಪಾಟಲಾಗುತ್ತಾನೆ. ಅವನನ್ನು ನೋಡಿ ನಗುವ ಹಕ್ಕು ಇವಳಿಗಿತ್ತು, ಎಂಟು ವರ್ಷ ಸಂಸಾರ ಮಾಡಿ ಗಳಿಸಿದ್ದು. ಅದನ್ನು ಹಲ್ಲಿನ ಡಾಕ್ಟರಿಗೆ ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಫಿಲ್ಟರನ್ನು ಸರಿಪಡಿಸಿದರೂ ಒಳಗಿನ ಜೀವಿಗಳು ಬೆಳೆಯಲು ಐದಾರು ವಾರ ಬೇಕು. ಮೈದುನನಿಗೆ ಫೋನ್ ಮಾಡಿದಳು. "ಈಗ ಕೊಡಲ್ಲ. ಒಂದೂವರೆ ತಿಂಗಳು ತಡೀಲಿ."

"ಯಾಕತ್ತಿಗೆ?"

"ಹಾಗೇ."

ಆ ಕಡೆಯಿಂದ ಅವನು ಹೆಂಡತಿಗೆ ಹೇಳಿದ್ದು ಇವಳಿಗೆ ಸ್ಪಷ್ಟವಾಗಿ ಕೇಳಿಸಿತು: "ಅದನ್ನ ಬಿಟ್ಟಿರಕ್ಕಾಗ್ತಿಲ್ಲ ಪಾಪ." ಫೋನ್ ಇಟ್ಟಳು. ಪಾಪವಂತೆ.

ನಲ್ಲಿಯ ಮುಂದೆ ಮೊಣಕಾಲೂರಿ ಕೂತಾಗ ರೋಗ ಪತ್ತೆಯಾಯಿತು. ನೈಟ್ರೇಟು ತಿನ್ನುವ ಜೀವಿಗಳಿಗೆ ಆಮ್ಲಜನಕ ತಾಕಬಾರದು. ನಳಿಕೆಯಲ್ಲಿ ನೀರು ತೀರಾ ನಿಧಾನವಾಗಿ ಸಾಗಿದರೆ ಮಾತ್ರ ಅರ್ಧದಾರಿಯಲ್ಲೇ ಆಮ್ಲಜನಕ ಮುಗಿದು ಅವುಗಳ ಊಟ ಶುರುವಾಗುತ್ತದೆ. ಹನಿ ಬೀಳಬೇಕಾದ ಕಡೆ ಇಲ್ಲಿ ಪೆನ್ಸಿಲ್ ದಪ್ಪದ ಧಾರೆ ಸುರಿಯುತ್ತಿತ್ತು.

ನಲ್ಲಿಯ ಕತ್ತಿನ ಮೇಲೆ ಒಂದು ಕೆಂಪು ಚುಕ್ಕೆ ಕಂಡಿತು. ಉಗುರುಬಣ್ಣ. ಅವಳದೇ. ಆರು ತಿಂಗಳ ಹಿಂದೆ ಆ ಶೀಶೆ ಕಳೆದುಹೋಯಿತೆಂದು ಮನೆಯೆಲ್ಲ ಜಾಲಾಡಿದ್ದಳು. ಹಿಡಿಯನ್ನು ಚುಕ್ಕೆಯ ನೇರಕ್ಕೆ ತಿರುಗಿಸಿದಳು. ಧಾರೆ ಸಣ್ಣದಾಯಿತು, ತುಂಡಾಯಿತು, ಒಂದೊಂದೇ ಹನಿಯಾಗಿ ಬೀಳತೊಡಗಿತು. ಸೆಕೆಂಡಿಗೊಂದು.

ಹಾಗಾದರೆ ಅವನಿಗೆ ಗೊತ್ತಿತ್ತು. ಎಷ್ಟಿರಬೇಕೆಂದು ಲೆಕ್ಕ ಹಾಕಿ, ಗುರುತೂ ಹಾಕಿದ್ದ. ಆಮೇಲೆ ಅತಿಥಿಗಳು ಬಂದರು. ಹನಿ ನೋಡಿ ಯಾರೂ ಬೆರಗಾಗುವುದಿಲ್ಲ. "ಇಷ್ಟೇನಾ?" ಎಂದು ಯಾರೋ ಕೇಳಿರಬೇಕು, ಇವನು ಹಿಡಿ ತಿರುಗಿಸಿ ಧಾರೆ ಬಿಟ್ಟಿರಬೇಕು, ಅವರು ಹೋದ ಮೇಲೆ ಮರೆತಿರಬೇಕು. ಎಂಟು ವರ್ಷದಲ್ಲಿ ಅವನು ಮಾಡಿದ ಎಲ್ಲದರ ಕಥೆ ಇದೇ. ಸರಿಯಾದ ಜಾಗ ತಿಳಿದಿರುತ್ತಿತ್ತು, ನಾಲ್ಕು ಜನ ಕಂಡರೆ ಹಿಡಿ ತಿರುಗಿಬಿಡುತ್ತಿತ್ತು.

"ಮಹಾನುಭಾವ" ಎಂದಳು, ಖಾಲಿ ಹಜಾರಕ್ಕೆ.

ಅಲ್ಲಿಂದ ಆರು ವಾರ ಅವಳು ಕೆಲಸಕ್ಕೆ ಹೋಗಿ ಬಂದಳು, ವಾರಕ್ಕೊಮ್ಮೆ ಉಪ್ಪು ಕಲಸಿ ಒಂದೆರಡು ಬಕೆಟ್ ನೀರು ಬದಲಿಸಿದಳು, ಗಾಜು ಕೆರೆದಳು. ನೀರನ್ನು ಪ್ರಯೋಗಾಲಯಕ್ಕೇ ಒಯ್ಯಬಹುದಿತ್ತು, ಆದರೆ ಅಲ್ಲಿನ ಯಂತ್ರಕ್ಕೆ ಉಪ್ಪುನೀರು ಒಗ್ಗುವುದಿಲ್ಲ. ಎರವಲು ಪೆಟ್ಟಿಗೆಯಲ್ಲೇ ಪರೀಕ್ಷಿಸಿ, ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಿಂದ ಬರೆದಳು. ಎಂಬತ್ತು. ಎಂಬತ್ತು. ಮೂರನೇ ವಾರ ನಲ್ಲಿಯಿಂದ ಕೊಳೆತ ಮೊಟ್ಟೆಯ ನಾತ ಹೊಡೆಯಿತು. ನಳಿಕೆಯಲ್ಲಿ ಕಸ ಸಿಕ್ಕಿ ಹನಿ ತೀರಾ ನಿಧಾನವಾಗಿತ್ತು. ಕಸ ತೆಗೆದು, ಚುಕ್ಕೆಗಿಂತ ಕೂದಲೆಳೆಯಷ್ಟು ಹೆಚ್ಚು ಬಿಟ್ಟಳು. ಮಧ್ಯೆ ಸಾಂತ್ವನಕ್ಕೆಂದು ಬಂದ ಪಕ್ಕದ ಮನೆಯಾಕೆ ಮೂಗು ಮುಚ್ಚಿಕೊಂಡು, "ಇದನ್ನೆಲ್ಲ ಇನ್ನೂ ಯಾಕಮ್ಮ ಇಟ್ಕೊಂಡಿದೀಯ? ಒಬ್ಬಳೇ ಇರೋಳು" ಎಂದಳು.

"ನಾತ ಬರುತ್ತಲ್ಲ, ಅದಕ್ಕೆ. ಯಾರೂ ಬಹಳ ಹೊತ್ತು ಕೂರಲ್ಲ."

ಆಕೆ ಚಹಾ ಮುಗಿಸದೆ ಎದ್ದಳು.

ನಾಲ್ಕನೇ ವಾರ ಅರವತ್ತು. ಐದನೇ ವಾರ ನಲವತ್ತು. ಆರನೇ ಭಾನುವಾರ ಕೊಳವೆಯಲ್ಲಿ ತಿಳಿ ಕಿತ್ತಳೆ. ಹತ್ತು. ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ತೋರಿಸಲು ಹಿಂದೆ ತಿರುಗಿದಳು. ಸೋಫಾ ಖಾಲಿ ಇತ್ತು. ಕೊಳವೆ ತೊಳೆದಳು. ತೊಟ್ಟಿಯ ನೀರನ್ನು ಒಂದು ಚಿಕ್ಕ ಶೀಶೆಗೆ ತುಂಬಿಕೊಂಡು, ಪೆಟ್ಟಿಗೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಅಂಗಡಿಯಲ್ಲಿ ಭಾನುವಾರದ ಸಂಘ ನೆರೆದಿತ್ತು. ಫಿಲ್ಟರ್ ಬರದಿದ್ದರೂ ಬೋರ್ಡ್ ಆಗಲೇ ಬಂದಿತ್ತು: 'ಸೊನ್ನೆ ನೈಟ್ರೇಟ್, ನಮ್ಮ ವಿಜ್ಞಾನಿ ಮಾದರಿ'. ಅವಳನ್ನು ಕಂಡೊಡನೆ ಎಲ್ಲರ ಮುಖವೂ ಸಪ್ಪಗಾಯಿತು. ಅಂಗಡಿಯವನು ಕುರ್ಚಿ ಒರೆಸಿ ಹಾಕಿದ. ಅವಳು ಕೂರಲಿಲ್ಲ.

"ಅವರು ಇದ್ದಿದ್ರೆ ಕೇಳ್ಬಹುದಿತ್ತು ಮೇಡಂ" ಎಂದರು ಹಲ್ಲಿನ ಡಾಕ್ಟರು. "ನನ್ನ ತೊಟ್ಟೀಲಿ ವಾರಕ್ಕೊಂದು ಮೀನು ಹೋಗ್ತಿದೆ. ಇನ್ನೊಂದು ಪೆಟ್ಟಿಗೆ ತಂದು ನೋಡಿದ್ರೂ ನೈಟ್ರೇಟ್ ಸೊನ್ನೆ."

"ಎರಡನೇ ಬಾಟಲಿ ಅಲುಗಾಡಿಸಿದ್ರಾ?"

"ಅಲುಗಾಡಿಸೋದಾ?"

ಅವಳು ಕೌಂಟರಿನ ಮೇಲೆ ಪೆಟ್ಟಿಗೆ ತೆರೆದು, ಬಾಟಲಿಯನ್ನು ಎರಡು ಸಲ ಕುಟ್ಟಿ, ಅಲುಗಾಡಿಸತೊಡಗಿದಳು. ಮೂವತ್ತು ಸೆಕೆಂಡು ಬಹಳ ಉದ್ದ. ಆರು ಜನ ಗಂಡಸರು ಒಬ್ಬ ವಿಧವೆ ಬಾಟಲಿ ಕುಲುಕುವುದನ್ನು ಕತ್ತು ಚಾಚಿ ನೋಡಿದರು. ಅಂಗಡಿಯ ದೊಡ್ಡ ತೊಟ್ಟಿಯಿಂದಲೇ ನೀರು ತೆಗೆದು ಹನಿ ಹಾಕಿದಳು. ಐದು ನಿಮಿಷಕ್ಕೆ ಕೆಂಪಾಯಿತು.

"ಎಂಬತ್ತರ ಮೇಲೆ" ಎಂದಳು.

ಅಂಗಡಿಯವನು ಬೋರ್ಡಿನ ಕಡೆ ನೋಡಿದ, ಆಮೇಲೆ ಇವಳ ಕಡೆ. "ಹಾಗಾದ್ರೆ... ಅವರದ್ದು?"

"ಅವರೂ ಅಲುಗಾಡಿಸ್ಲಿಲ್ಲ. ನಿಮ್ಮಿಂದಲೇ ಅಲ್ವಾ ಕಲಿತದ್ದು? ಅವರ ಸೊನ್ನೆ ಸುಳ್ಳು."

ಒಬ್ಬ ಕೆಮ್ಮಿದ. ಹಲ್ಲಿನ ಡಾಕ್ಟರ ತುಟಿಯ ಕೊನೆಯಲ್ಲಿ ಒಂದು ಸಣ್ಣ ನಗು ಮೂಡುವುದರಲ್ಲಿತ್ತು. ಅದು ಅರಳುವ ಮೊದಲೇ ಅವಳು ಚೀಲದಿಂದ ಶೀಶೆ ತೆಗೆದು, ಕೊಳವೆ ತೊಳೆದು, ಮತ್ತೆ ಹನಿ ಎಣಿಸಿದಳು. ಈ ಸಲ ತಿಳಿ ಕಿತ್ತಳೆ.

"ಇದು ಅವರ ಫಿಲ್ಟರಿನ ನೀರು. ಇವತ್ತು ಬೆಳಿಗ್ಗೇದು. ಹತ್ತು."

"ಹೇಗೆ?" ಎಂದರು ಡಾಕ್ಟರು. ನಗು ಅಲ್ಲೇ ಇಂಗಿತ್ತು.

"ನಲ್ಲಿ ಎಲ್ಲಿಗೆ ತಿರುಗಿಸ್ಬೇಕು ಅಂತ ಅವರೇ ಗುರುತು ಹಾಕಿದ್ರು. ನೀವೆಲ್ಲ ಬಂದಾಗ ಜಾಸ್ತಿ ಬಿಡ್ತಿದ್ರು, ನಿಮಗೆ ಕಾಣ್ಲಿ ಅಂತ. ನಾನು ಗುರುತಿಗೆ ತಂದಿಟ್ಟೆ. ನೀವ್ಯಾರೂ ಮನೆಗೆ ಬರ್ಲಿಲ್ಲ, ಅದು ಕೆಲಸ ಮಾಡ್ತು." ಬೋರ್ಡಿನ ಕಡೆ ಕೈ ತೋರಿಸಿದಳು. "ಹೆಸರು ಇರ್ಲಿ. ಸೊನ್ನೆ ಅಳಿಸಿ ಹತ್ತು ಅಂತ ಬರೀರಿ."

"ಹತ್ತು ಅಂದ್ರೆ ಯಾರು ಮೇಡಂ ತಿರುಗಿ ನೋಡ್ತಾರೆ?"

"ನೋಡದೇ ಇದ್ರೆ ಒಳ್ಳೇದು."

ಪೆಟ್ಟಿಗೆಯನ್ನು ಅವನ ಮುಂದೆ ತಳ್ಳಿದಳು. ಅವನು ಎರಡೂ ಕೈ ಅಡ್ಡ ಹಿಡಿದ. "ಅಯ್ಯೋ, ಇಟ್ಕೊಳ್ಳಿ ಮೇಡಂ. ಅವರ ನೆನಪಿಗೆ ಇರ್ಲಿ."

"ನೆನಪಿಗೆ ಮನೇಲಿ ಅರ್ಧ ಬಣ್ಣದ ಬಾಲ್ಕನಿ ಇದೆ. ಇದು ಎರವಲು ತಂದಿದ್ದು."

ಕೊಳವೆಯನ್ನು ಒರೆಸಿ ಅದರ ಜಾಗದಲ್ಲಿಟ್ಟಳು. ಮೊದಲ ಬಾಟಲಿಯನ್ನು ಇಟ್ಟಳು. ಸೂಚನಾ ಕಾಗದವನ್ನು ಮಾತ್ರ ಒಳಗೆ ಹಾಕದೆ ಕೌಂಟರಿನ ಮೇಲೆ ಬಿಡಿಸಿ ಹರಡಿದಳು. ಅದು ಹಳೆಯ ಮಡಿಕೆಗೆ ಹಿಂದಿರುಗಲು ನೋಡಿತು. ದಪ್ಪ ಅಕ್ಷರದ ಸಾಲಿನ ಕೆಳಗೆ, ಹಾರಿಹೋಗದ ಹಾಗೆ, ಎರಡನೇ ಬಾಟಲಿಯನ್ನು ಒತ್ತಿ ನಿಲ್ಲಿಸಿ ಕೈ ತೆಗೆದಳು.