ನಾಲ್ಕು ಸಿಲಿಂಡರಿನ ಹೊಟ್ಟೆಯುರಿ

೧.
ಎಲ್ಲಿಂದ ಶುರು ಮಾಡುವುದು? ಇಂದ್ರೇಶನನ್ನು ಕೇಳಿದರೆ ತನ್ನ ಕಾರಿನಿಂದ ಎನ್ನುತ್ತಾನೆ. “ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ, ಒಂದು ಗರಾಜಿನಲ್ಲಿ, ೧೯೬೭ರ ಕೆಂಪು ಮಸ್ಟ್ಯಾಂಗ್ ನಿಂತಿತ್ತು ಅಂತ ಬರೀರಿ ಸಾರ್. ಓದೋರು ಅಲ್ಲೇ ಫ್ಲ್ಯಾಟ್.” ಬರೆದೆ. ಮಾರಾಟದ ಜಾಹೀರಾತಿನ ಹಾಗೆ ಕಂಡಿತು, ಹೊಡೆದುಹಾಕಿದೆ. (ಕೆಂಪು ಬಣ್ಣವನ್ನು ಮಾತ್ರ ಉಳಿಸಿಕೊಂಡಿದ್ದೇನೆ, ಅವನ ಸಮಾಧಾನಕ್ಕೆ.)

ಇದು ಹೊಟ್ಟೆಕಿಚ್ಚಿನ ಕಥೆ, ಓದುಗರೇ. ಕಿಚ್ಚು ಹತ್ತಿಕೊಂಡದ್ದು ಒಂದು ಫೋನಿನಲ್ಲಿ. ಅಲ್ಲಿಂದಲೇ ಹೊರಡೋಣ.

೨.
ಫೋನು ಮಾಡಿದವನು ಮೆಲ್ಬರ್ನಿನ ವಿರುಪಾಕ್ಷ. ಅವನು ಹುಬ್ಬಳ್ಳಿಯವನು, ಇಂದ್ರೇಶ ದಾವಣಗೆರೆಯವನು. ಓದಲು ಬಂದ ಹೊಸತರಲ್ಲಿ ಇಬ್ಬರೂ ಸಿಡ್ನಿಯ ಬ್ಲ್ಯಾಕ್‌ಟೌನಿನ ಒಂದೇ ರೂಮಿನಲ್ಲಿದ್ದವರು. ಪಕ್ಕದ ಬೀದಿಯ ಮುದುಕನೊಬ್ಬ ಭಾನುವಾರ ಹೊರತೆಗೆಯುತ್ತಿದ್ದ ಹಳೆಯ ಅಮೆರಿಕನ್ ಕಾರನ್ನು ಫುಟ್‌ಪಾತಿನ ಮೇಲೆ ನಿಂತು ಬಾಯಿಬಿಟ್ಟುಕೊಂಡು ನೋಡಿದವರು. ಅಲ್ಲೇ ಕಾಯಂ ಆಗಿ ನೆಲೆಸಲು ಪಿಆರ್ ಸಿಕ್ಕಿ, ಮನೆಯಾಗಿ, ತಲೆಗೂದಲು ತೆಳುವಾದ ಮೇಲೆ ಇಂದ್ರೇಶ ಅಂಥದ್ದೇ ಕಾರು, ಆ ಮಸ್ಟ್ಯಾಂಗ್, ತಂದ. ಅದರೊಳಗೆ ಹುಟ್ಟಿದಂದಿನಿಂದ ಇದ್ದ ಎಂಟು ಸಿಲಿಂಡರಿನ ಇಂಜಿನ್ನು. ಹಚ್ಚಿದರೆ ಪಕ್ಕದ ಮನೆಯ ಕಿಟಕಿ ನಡುಗುತ್ತಿತ್ತು. ಇಂಥ ದೊಡ್ಡ ಇಂಜಿನ್ನಿನ ಕಾರಿಗೇ ಮಸಲ್ ಕಾರ್ ಎನ್ನುವುದು.

ವಿರುಪಾಕ್ಷನೂ ಅದೇ ವರ್ಷದ ಕಾರು ತಂದ. ಆದರೆ ಅವನಿಗೆ ಸಿಕ್ಕದ್ದು ಬರೀ ಬಾಡಿ, ಇಂಜಿನ್ನಿಲ್ಲದ ಗೂಡು. ಅದರೊಳಗೆ ಈಗಿನ ಕಾಲದ ನಾಲ್ಕು ಸಿಲಿಂಡರಿನ ಪುಟ್ಟ ಟರ್ಬೊ ಇಂಜಿನ್ ಕೂರಿಸಿದ.

“ಥೂ,” ಎಂದ ಇಂದ್ರೇಶ ಫೋನಿನಲ್ಲಿ. “ಪೈಲ್ವಾನನ ಎದೆ ಬಗೆದು ಮಿಕ್ಸಿ ಮೋಟಾರು ಹಾಕಿದಂಗಾಯ್ತಲ್ಲೋ! ಅದು ಮಸಲ್ ಕಾರೇನೋ?”

“ಏ ಇಂದ್ರ್ಯಾ, ನಿನ್ನ ಎಂಟಕ್ಕಿಂತ ನನ್ನ ನಾಕಕ್ಕ ಶಕ್ತಿ ಜಾಸ್ತಿ ಐತಿ. ಕಾರಿನ ಮೂತಿ ಹಗುರ ಆತು, ತಿರುವಿನ್ಯಾಗ ಹೇಳಿದಂಗ ಕೇಳ್ತೈತಿ. ಇಂಜಿನಿಯರ್ ಬಂದು ನೋಡಿ, ಎಲ್ಲಾ ಸರಿ ಐತಿ ಅಂತ ಸರ್ಟಿಫಿಕೇಟೂ ಕೊಟ್ಟಾನ.”

“ಕಂಗ್ರಾಟ್ಸ್,” ಎಂದ ಇಂದ್ರೇಶ. ಅಡುಗೆಮನೆಯಲ್ಲಿದ್ದ ಹೆಂಡತಿ ನೀಲಾಂಬಿಕಾ ತಿರುಗಿ ನೋಡಿದಳು. ಯಾರಿಗೋ ಶಾಪ ಹಾಕಿದ ಹಾಗೆ ಕೇಳಿಸಿತ್ತು ಅವಳಿಗೆ.

(ಟರ್ಬೊ ಎಂದರೆ ಹೊರಗೆ ಹೋಗುವ ಹೊಗೆಯ ರಭಸದಿಂದಲೇ ತಿರುಗಿ ಇಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುವ ಫ್ಯಾನು. ಹೊಟ್ಟೆಕಿಚ್ಚೂ ಸುಮಾರು ಹೀಗೇ ಕೆಲಸ ಮಾಡುತ್ತದೆ. ಈ ಹೋಲಿಕೆ ಹೊಳೆದಾಗ ನನಗೆ ಬಹಳ ಖುಷಿಯಾಯಿತು, ಈಗ ನಾಚಿಕೆಯಾಗುತ್ತಿದೆ. ಇರಲಿ.)

೩.
ಸ್ಕೂಲ್ ರಜೆಯಲ್ಲಿ ಇಂದ್ರೇಶ ಹೆಂಡತಿ, ಮಗಳನ್ನು ಕೂರಿಸಿಕೊಂಡು ತನ್ನ ಕೆಂಪು ಕಾರಿನಲ್ಲೇ ಮೆಲ್ಬರ್ನಿಗೆ ಹೊರಟ. ಗೆಳೆಯನ ಕಣ್ಣಿಗೆ ಎಂಟು ಸಿಲಿಂಡರು ತೋರಿಸುವುದೇ ಉದ್ದೇಶ. ಮಗಳು ನಿಹಾರಿಕಾ ದಾರಿಯುದ್ದಕ್ಕೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದಳು.

ಅವಳಿಗೆ ಹೊಸದಾಗಿ ಲರ್ನರ್ಸ್ ಲೈಸೆನ್ಸು ಸಿಕ್ಕಿತ್ತು. ಅಪ್ಪನ ಕಾರನ್ನು ಒಂದೇ ಒಂದು ಸಲ ಓಡಿಸಿದ್ದಳು. ಸ್ಕೋಫೀಲ್ಡ್ಸ್‌ನ ರೌಂಡಬೌಟ್ ಸರ್ಕಲ್ಲಿನಲ್ಲಿ ಅದು ನಿಂತುಹೋಗಿ, “ಕ್ಲಚ್ಚು! ಕ್ಲಚ್ಚು! ಗೇರ್‌ಬಾಕ್ಸ್ ಸಾಯ್ತು!” ಎಂದು ಇಂದ್ರೇಶ ಕಿರುಚಿದ್ದ. ಅವಳು ಇಳಿದು ಮನೆಗೆ ನಡೆದುಕೊಂಡೇ ಹೋಗಿದ್ದಳು.

ವಿರುಪಾಕ್ಷನ ಕಾರು ನೀಲಿ. ಭಾನುವಾರ ಮೆಲ್ಬರ್ನಿನ ಅಂಚಿನ ಟ್ರುಗನೀನಾದ ಗೋಡೌನುಗಳ ನಡುವಿನ ಖಾಲಿ ರಸ್ತೆಗೆ ಎಲ್ಲರನ್ನೂ ಕರೆದುಕೊಂಡು ಹೋದ. “ನೀ ಓಡ್ಸಲೇ ಮೊದಲ,” ಎಂದು ಕೀಲಿ ಚಾಚಿದ.

“ಬೇಡಪ್ಪ, ಬೆನ್ನು ನೋವು.”

“ಕ್ಯಾನ್ ಐ, ಅಂಕಲ್?” ಎಂದಳು ನಿಹಾರಿಕಾ.

ಎಲ್ ಪ್ಲೇಟು ಅಂಟಿಸಿದರು. ವಿರುಪಾಕ್ಷ ಅವಳ ಪಕ್ಕ ಕೂತ. ಗಂಡ ಹೆಂಡತಿ ಹಿಂದೆ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು. ಮೊದಲ ಸಲಕ್ಕೇ ಕಾರು ನಿಂತುಹೋಯಿತು. ಇಂದ್ರೇಶನಿಗೆ ಒಳಗೊಳಗೇ ತಂಪಾಯಿತು. ಈಗ ಬೈತಾನೆ ನೋಡು ಎಂದುಕೊಂಡ.

“ಅದಕ್ಕೇನಾತು? ಮತ್ತ ಹಚ್ಚು. ಅದು ಎಲ್ಲೂ ಓಡಿಹೋಗೂದಿಲ್ಲ,” ಎಂದ ವಿರುಪಾಕ್ಷ.

ಮತ್ತೆ ಹಚ್ಚಿದಳು. ಕಾರು ಹೊರಟಿತು, ತಿರುಗಿತು, ಟರ್ಬೊ ಸಿಳ್ಳೆ ಹಾಕಿತು. ನಿಹಾರಿಕಾ ಗಟ್ಟಿಯಾಗಿ ನಕ್ಕಳು. ಆ ನಗು ಕೇಳಿ ಎಷ್ಟು ಕಾಲವಾಗಿತ್ತು! ಕನ್ನಡಿಯಲ್ಲಿ ಮಗಳ ಕಣ್ಣುಗಳು ಕಂಡವು. ಅವು ವಿರುಪಾಕ್ಷನ ಕಡೆ ತಿರುಗಿ, ಸರೀನಾ ಅಂಕಲ್ ಎಂದು ಕೇಳುತ್ತಿದ್ದವು. ಇಂದ್ರೇಶ ಮುಂದಿನ ಸೀಟಿನ ಬೆನ್ನಿಗೆ ಬಡಿದ.

“ನಿಲ್ಸು. ಇಳಿ ಕೆಳಗೆ,” ಎಂದ. “ಈ ಕಾರಿಗೆ ಸರ್ಟಿಫಿಕೇಟ್ ಇಲ್ಲ. ಇಂಜಿನ್ ಬದಲಾಯ್ಸಿರೋದು ಇಲ್ಲೀಗಲ್ಲು. ಪೊಲೀಸ್ ಹಿಡಿದ್ರೆ ನಿನ್ನ ಲರ್ನರ್ಸ್ ಹೋಗತ್ತೆ.”

ಕಾರು ನಿಂತಿತು. ನೀಲಾಂಬಿಕಾ ಗಂಡನ ಮೊಣಕೈ ಹಿಡಿದಳು. “ರೀ!”

“ಈಸ್ ದಟ್ ಟ್ರೂ, ಅಂಕಲ್?”

ವಿರುಪಾಕ್ಷ ಹಿಂದಕ್ಕೆ ತಿರುಗಿ ಗೆಳೆಯನ ಮುಖವನ್ನು ಒಂದು ಗಳಿಗೆ ನೋಡಿದ. “ಹೌದವಾ, ನಿಮ್ಮಪ್ಪ ಹೇಳೂದು ಖರೇ,” ಎಂದ. “ಇನ್ನೂ ಒಂದು ಕಾಗದ ಬರೂದೈತಿ. ಇವತ್ತಿಗೆ ಸಾಕು.”

೪.
ಇಲ್ಲಿ ನಾನು ಪೆನ್ನು ಕೆಳಗಿಟ್ಟು ವಿರುಪಾಕ್ಷನ ಜೊತೆ ಜಗಳಕ್ಕೆ ನಿಂತೆ. ಇದೇನಯ್ಯಾ, ಸುಳ್ಳನ್ನು ನಿನ್ನ ತಲೆ ಮೇಲೆ ಎಳೆದುಕೊಳ್ಳುತ್ತೀಯಲ್ಲ?

“ಮಗಳ ಮುಂದ ಅಪ್ಪನ್ನ ಸಣ್ಣಾಂವ ಮಾಡಬಾರದ್ರೀ,” ಎಂದ. ನಾನು ಪೆನ್ನು ಮತ್ತೆ ಎತ್ತಿಕೊಂಡೆ. ಇಂದ್ರೇಶನಿಗಂತೂ ಈ ಉಪಕಾರ ಬೈಗುಳಕ್ಕಿಂತ ಹೆಚ್ಚು ಉರಿಯಿತು. ಅವತ್ತು ಊಟಕ್ಕೆ ಕೂತಾಗ ರೊಟ್ಟಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಮುಂದೆ? ವಾಪಸು ಬರುವಾಗ ಹೆದ್ದಾರಿಯಲ್ಲಿ ಎಂಟು ಸಿಲಿಂಡರು ಕಾದು ಕೆಟ್ಟು ನಿಲ್ಲುತ್ತದೆ ಎಂದು ಒಂದು ಮುಕ್ತಾಯ ಬರೆದೆ. ಇಂದ್ರೇಶ ಕೆರಳಿದ: “ನನ್ನ ತಪ್ಪಿಗೆ ಕಾರಿಗ್ಯಾಕೆ ಸಾರ್ ಶಿಕ್ಷೆ?” ನ್ಯಾಯವೇ. ಹರಿದೆ. ಟರ್ಬೊ ಸಿಡಿಯುವ ಇನ್ನೊಂದು ಮುಕ್ತಾಯವನ್ನು ಅವನೇ ಸೂಚಿಸಿದ. ಆಮೇಲೆ ತಾನಾಗಿಯೇ, “ಬೇಡ ಬಿಡಿ,” ಎಂದ.

೫.
ಆದದ್ದು ಇಷ್ಟು. ಸಿಡ್ನಿಗೆ ವಾಪಸಾಗುವ ದಾರಿಯ ಹೋಲ್‌ಬ್ರೂಕ್‌ನಲ್ಲಿ, ಸಮುದ್ರದ ಗಾಳಿಯೂ ಸೋಕದ ಆ ಊರಿನ ಪಾರ್ಕಿನಲ್ಲಿ ಒಂದು ಸಬ್‌ಮರೀನ್ ನಿಲ್ಲಿಸಿದ್ದಾರಲ್ಲ, ಅದರ ಎದುರು ಇಂದ್ರೇಶ ಕಾರು ನಿಲ್ಲಿಸಿದ. ನೀಲಾಂಬಿಕಾ ಕಾಫಿ ತರಲು ಹೋದಳು.

“ಪುಟ್ಟಿ,” ಎಂದು ಕರೆದು, ಮಗಳು ಹೆಡ್‌ಫೋನ್ ತೆಗೆಯುವ ತನಕ ಕಾದ. “ವಿರುಪಾಕ್ಷ ಅಂಕಲ್ ಕಾರಿಗೆ ಸರ್ಟಿಫಿಕೇಟ್ ಇದೆ. ನಾನು ಸುಳ್ಳು ಹೇಳ್ದೆ.”

“ಐ ನೋ, ಅಪ್ಪಾ. ಅವತ್ತೇ ಅಮ್ಮನ ಫೇಸ್ ನೋಡಿದೆ.” ಅವನ ಕಡೆ ತಿರುಗಿದಳು. “ಬಟ್ ವೈ? ಒಂದು ಇಂಜಿನ್‌ಗೋಸ್ಕರಾನಾ?”

“ಇಂಜಿನ್‌ಗಲ್ಲ. ನೀನು ಅವನ ಜೊತೆ ನಕ್ಕೆ.”

ಅವಳು ಡ್ಯಾಶ್‌ಬೋರ್ಡಿನಿಂದ ಅಪ್ಪನ ಫೋನು ತೆಗೆದು ಅವನ ತೊಡೆಯ ಮೇಲಿಟ್ಟಳು. “ಟೆಲ್ ಹಿಮ್. ನಾಟ್ ಮಿ.”

(ಹಾಗಾದರೆ ಹಳೆಯ ಅಮೆರಿಕನ್ ಕಾರಿಗೆ ಪುಟ್ಟ ಟರ್ಬೊ ಸಲ್ಲುತ್ತದೋ ಇಲ್ಲವೋ ಎಂದು ಕೇಳುತ್ತೀರಿ. ನನ್ನ ಮನಸ್ಸು ಹಳೆಯ ಗುಡುಗಿನ ಕಡೆ. ಆದರೆ ನನ್ನ ಹತ್ತಿರ ಇರುವುದು ಸೆಕೆಂಡ್ ಹ್ಯಾಂಡ್ ಹ್ಯಾಚ್‌ಬ್ಯಾಕು, ನನ್ನ ಮಾತಿಗೇನು ಬೆಲೆ.)

ಇಂದ್ರೇಶ ನಂಬರು ಒತ್ತಿದ. ರಿಂಗಾಯಿತು. ಏನು ಹೇಳಲಿ, ನೀವೇ ಬರೆದುಕೊಡಿ ಎನ್ನುವಂತೆ ನನ್ನ ಕಡೆ ನೋಡಿದ. ನಾನು ಕೊಡಲಿಲ್ಲ. ಕಾರಿನಿಂದ ಇಳಿದೆ. ನೀವೂ ಇಳಿಯಿರಿ, ಮುಂದಿನದು ಅವರಿಬ್ಬರದು. ಬಾಗಿಲು ಮುಚ್ಚುವಾಗ ನನ್ನ ಕಿವಿಗೆ ಬಿದ್ದದ್ದು ಆ ತುದಿಯ ದನಿ ಮಾತ್ರ:

“ಹೇಳಪಾ, ಇಂದ್ರ್ಯಾ.”